ಕಲಾಯಿ ಹಾಕಿದ ಬ್ರೇಕ್ ತಂತಿ

ಹೆಣ್ಣುಮಕ್ಕಳು ಸೈಕಲ್ ಕಲಿತ ಕಥೆಯನ್ನು ನನ್ನ ವಯಸ್ಸಿನವರೆಲ್ಲ ಹೇಳುತ್ತಾರೆ. ಬಿದ್ದೆ, ಎದ್ದೆ, ಮೊಣಕಾಲು ತರಚಿತು, ಊರು ನಕ್ಕಿತು. ನಾನು ಅದನ್ನು ಹೇಳುವುದಿಲ್ಲ. ಸೈಕಲ್ ಹೊಡೆಯುವುದು ದೊಡ್ಡ ಅಚೀವ್‌ಮೆಂಟೇ ಅಲ್ಲ. ಎರಡು ದಿನ ಬಿದ್ದರೆ ಮೂರನೇ ದಿನ ಬರುತ್ತದೆ. ನನ್ನ ಹಟ ಇದ್ದದ್ದು ಅದರ ರಿಪೇರಿಯಲ್ಲಿ. ಹತ್ತೊಂಬತ್ತು ವರ್ಷದ ಹುಡುಗಿ ತನ್ನ ಬ್ರೇಕಿನ ತಂತಿಯನ್ನು ತಾನೇ ಅಳೆದು, ತಾನೇ ಕತ್ತರಿಸಿ, ತಾನೇ ಬಿಗಿದಳು ಎಂಬುದನ್ನು ಬಳ್ಳಾರಿಯ ನಮ್ಮ ಓಣಿ ಕೊನೆಗೂ ಒಪ್ಪಲಿಲ್ಲ. ಯಾರೋ ಗಂಡಸು ಹಿತ್ತಲ ಬಾಗಿಲಿನಿಂದ ಬಂದು ಮಾಡಿಕೊಟ್ಟು ಹೋದ ಎಂದೇ ನಂಬಿಕೊಂಡು ಆ ತಲೆಮಾರು ತೀರಿಹೋಯಿತು. ಯಾರೂ ಬರಲಿಲ್ಲ. ಫಾರ್ ದಿ ರೆಕಾರ್ಡ್, ಬರೆದಿಡುತ್ತಿದ್ದೇನೆ.

ನಾನು ಓದಿದ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಕಲಿಸುತ್ತಿದ್ದ ಒಬ್ಬ ಐರಿಷ್ ಮದರ್ ಇದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ಅವರು ತಮ್ಮ ದೇಶಕ್ಕೆ ಹೊರಟಾಗ ತಮ್ಮ ಲೇಡೀಸ್ ಸೈಕಲ್ಲನ್ನು ನನಗೆ ಕೊಟ್ಟು ಹೋದರು. ಹಸಿರು ಬಣ್ಣದ್ದು. ಊರಿನ ಉಳಿದ ಸೈಕಲ್ಲುಗಳಿಗೆಲ್ಲ ಕಬ್ಬಿಣದ ಕಡ್ಡಿಯ ಬ್ರೇಕು. ಇದಕ್ಕೆ ಮಾತ್ರ ಕೇಬಲ್ ಬ್ರೇಕು. ಎಂದರೆ, ಕರಿ ಬಟ್ಟೆ ಸುತ್ತಿದ ಸುರುಳಿ ತಂತಿಯ ಒಂದು ಕೊಳವೆ. ಅದಕ್ಕೆ ಹೌಸಿಂಗ್ ಎನ್ನುತ್ತಾರೆ. ಅದರ ಹೊಟ್ಟೆಯೊಳಗೆ ಜಡೆಯ ಹಾಗೆ ಹೊಸೆದ ಉಕ್ಕಿನ ಎಳೆಗಳ ಕೇಬಲ್. ಹಿಡಿಕೆ ಒತ್ತಿದರೆ ಒಳಗಿನದು ಜಾರುತ್ತದೆ, ಹಿಂದಿನ ಗಾಲಿಗೆ ರಬ್ಬರ್ ಹೋಗಿ ಕಚ್ಚುತ್ತದೆ. ಮುಂದಿನ ಗಾಲಿಯ ಬ್ರೇಕು ಮದರ್ ಕಾಲಕ್ಕೇ ಸತ್ತಿತ್ತು. ಇದ್ದದ್ದು ಹಿಂದಿನದು ಒಂದೇ.

ಆ ಒಂದೂ ಸಿರುಗುಪ್ಪದಲ್ಲಿ ಹೋಯಿತು. ಬೇಸಿಗೆ ರಜೆಗೆ ಸೈಕಲ್ಲನ್ನೂ ಬಸ್ಸಿನ ಮೇಲೆ ಹೇರಿಸಿಕೊಂಡು ಸೋದರಮಾವನ ಮನೆಗೆ ಹೋಗಿದ್ದೆ. ಕಾಲುವೆ ಏರಿಯ ಮೇಲೆ, ಎಡಕ್ಕೆ ನೆಲ್ಲಿನ ಗದ್ದೆ, ಬಲಕ್ಕೆ ನೀರು, ತಲೆಯಲ್ಲಿ ಮದರ್ ಕಲಿಸಿದ ಒಂದು ಇಂಗ್ಲಿಷ್ ಪ್ರಾರ್ಥನೆಯ ಹಾಡು. ಬ್ರೇಕ್ ಹಿಡಿದರೆ ಹಿಡಿಕೆ ಸುಮ್ಮನೆ ಅಂಗೈಗೆ ಬಂದು ತಾಕಿತು. ಎಮ್ಮೆಗಳು ಮಲಗುವ ಕೆಸರಿನಲ್ಲಿ ನಾನೂ ಹೋಗಿ ಮಲಗಿದೆ. ಎಮ್ಮೆಗಳು ಏಳಲಿಲ್ಲ, ಅಷ್ಟು ಮಟ್ಟಿಗೆ ಅವು ಮರ್ಯಾದಸ್ಥ ಜೀವಗಳು.

ಕೇಬಲ್ ಯಾಕೆ ತುಂಡಾಯಿತು ಎಂದು ಆಮೇಲೆ ಬಿಚ್ಚಿ ನೋಡಿದಾಗ ಗೊತ್ತಾಯಿತು. ಹಿಂದಿನ ವರ್ಷ ಬಜಾರದ ಸೈಕಲ್ ಶಾಪಿನ ಉಸ್ತಾದ್ ಅದನ್ನು ಹೊಸದಾಗಿ ಹಾಕಿದ್ದ. ಹೆಚ್ಚಾದ ತುದಿಯನ್ನು ಕಲ್ಲಿನ ಮೇಲಿಟ್ಟು, ಉಳಿ ಹಿಡಿದು, ಸುತ್ತಿಗೆಯಿಂದ ಒಂದೇ ಏಟು. ಕೇಬಲ್ ಕಡಿಯಿತು ನಿಜ, ಆದರೆ ತುದಿ ಪೊರಕೆಯಂತೆ ಕೆದರಿತು. ಹೌಸಿಂಗನ್ನೂ ಹಾಗೆಯೇ ಕಡಿದಿದ್ದ. ಅದರ ಬಾಯಿ ಚಪ್ಪಟೆಯಾಗಿ, ಒಳಕ್ಕೆ ಮಡಚಿದ ಮೊನೆಯೊಂದು ವರ್ಷವಿಡೀ ಕೇಬಲ್ಲಿನ ಎಳೆಗಳನ್ನು ಒಂದೊಂದಾಗಿ ತಿಂದಿತ್ತು. ಉಸ್ತಾದ್ ಒಳ್ಳೆಯ ಮನುಷ್ಯ. ಕಡ್ಡಿ ಬ್ರೇಕಿನ ಮಟ್ಟಿಗೆ ಕುಶಲಿಯೂ ಹೌದು. ಆದರೆ ಉಳಿಯನ್ನು ಮಾತ್ರ ಇನ್ನು ನನ್ನ ಸೈಕಲ್ಲಿನ ಹತ್ತಿರ ಬಿಡುವುದಿಲ್ಲ ಎಂದು ಅವತ್ತೇ ನಿರ್ಧರಿಸಿದೆ.

ಅಪ್ಪ ಮದ್ರಾಸಿಗೆ ಕಾಗದ ಬರೆದು ಹೊಸ ಕೇಬಲ್ ತರಿಸಿದರು. ಜೂನ್ ತಿಂಗಳ ಒಂದು ಶುಕ್ರವಾರ ಪಾರ್ಸೆಲ್ ಬಂತು: ಗಂಡಸರ ಸೈಕಲ್ಲಿಗೆ ಮಾಡಿದ ಒಂದು ಉದ್ದನೆಯ ಕೇಬಲ್, ಜೊತೆಗೆ ಒಂದು ಸುರುಳಿ ಹೌಸಿಂಗ್. ಎರಡನ್ನೂ ನನ್ನ ಸೈಕಲ್ಲಿನ ಅಳತೆಗೆ ಕತ್ತರಿಸಬೇಕು. ಅದೇ ಶುಕ್ರವಾರ ಕುರುಗೋಡಿನಿಂದ ಎತ್ತಿನ ಗಾಡಿಯಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪನೂ ಬಂದರು. ಕೈಯಲ್ಲಿ ಒಂದು ಹೊಸ ಹಗ್ಗವಿತ್ತು.

ಸೋಮವಾರದಿಂದ ನಾನು ಕಂಟೋನ್ಮೆಂಟ್ ಕಡೆಯ ಒಂದು ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿ ಸೇರಬೇಕಿತ್ತು. ನಮ್ಮ ಮನೆ ಕೋಟೆ ಗುಡ್ಡದ ಬುಡದಲ್ಲಿ, ಶಾಲೆ ಊರಿನ ಇನ್ನೊಂದು ತುದಿಯಲ್ಲಿ. ಜಟಕಾದಲ್ಲಿ ಹೋಗಬೇಕೆಂದರೆ ಜೊತೆಗೊಬ್ಬ ಗಂಡಸು ಬೇಕು. ಅಪ್ಪ ಬೆಳಗಾದರೆ ಹತ್ತಿ ಪ್ರೆಸ್ಸಿನಲ್ಲಿ. ಆದ್ದರಿಂದ ಲೆಕ್ಕ ಸರಳ. ಸೈಕಲ್ ಇದ್ದರೆ ನೌಕರಿ. ಇಲ್ಲದಿದ್ದರೆ ಕುರುಗೋಡಿನವರು ನೋಡಿಟ್ಟ ವರ.

ದೊಡ್ಡಪ್ಪ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತು ಶುರು ಮಾಡಿದರು.

“ಹುಡುಗಿ ಸೈಕಲ್ ಹೊಡೀಲಿ, ನಂದೇನಿಲ್ಲ. ಕಾಲ ಬದಲಾಗೈತಿ. ಆದ್ರ ಅದು ಕೆಟ್ಟಾಗೊಮ್ಮೆ ಬಜಾರದಾಗ ಸೈಕಲ್ ಅಂಗಡಿ ಮುಂದ ನಿಂತು, ‘ಇದನ್ನ ಬಿಗೀರಿ, ಅದನ್ನ ಸಡಿಲ ಮಾಡ್ರಿ’ ಅನ್ನಾಕ ನಮ್ಮ ಮನಿ ಹೆಣ್ಮಗಳು ಹೋಗಂಗಿಲ್ಲ. ಕುರುಗೋಡಿಗೆ ಒಯ್ತೀನಿ. ನನ್ನ ಮಗ ಹೊಲಕ್ಕ ಹೋಗಾಕ ಆಗ್ತೈತಿ.”

“ಅದು ಲೇಡೀಸ್ ಸೈಕಲ್, ದೊಡ್ಡಪ್ಪ.”

“ಹೊಲಕ್ಕ ಲೇಡೀಸು ಜೆಂಟ್ಸು ಗೊತ್ತಾಗಂಗಿಲ್ಲ ಬಿಡವ್ವ.”

“ಅಂಗಡಿ ಮುಂದ ನಿಲ್ಲೂದಿಲ್ಲ. ಮನ್ಯಾಗ ನಾನ ರಿಪೇರಿ ಮಾಡ್ತೀನಿ.”

“ಯಾತರ್ಲೆ ಮಾಡ್ತಿ? ಕ್ರೋಶಾ ಕಡ್ಡೀಲೆ ಏನು?”

ಅಪ್ಪ ನಕ್ಕರು. ತಮ್ಮ ಅಣ್ಣ ನಕ್ಕಾಗ ನಗುವುದು ಅವರ ಅಭ್ಯಾಸ. ಆ ನಗುವೇ ನನ್ನನ್ನು ಹೆಚ್ಚು ಕೆರಳಿಸಿತು. “ಸರ್ಟನ್ಲಿ ನಾಟ್,” ಎಂದೆ ಇಂಗ್ಲಿಷಿನಲ್ಲಿ. ದೊಡ್ಡಪ್ಪನಿಗೆ ಅರ್ಥವಾಗಲಿಲ್ಲ, ಆದರೆ ಧಾಟಿ ಅರ್ಥವಾಯಿತು.

“ಆಯ್ತು. ಸೋಮವಾರ ಮುಂಜಾನಿ ಕೋಟಿ ಇಳುವಿನಿಂದ ಇಳಕೊಂತ ಬಾ. ಬಂದು ಈ ಕಟ್ಟಿ ಮುಂದ ನಿಲ್ಲಿಸು. ನಿಂತ್ರ ಸೈಕಲ್ ನಿಂದು, ನೌಕರಿನೂ ನಿಂದು. ದಾಟಿ ಮುಂದಕ್ಕ ಹೋದ್ರ ಕುರುಗೋಡಿಗೆ.” ಸೈಕಲ್ಲನ್ನು ಗಾಡಿಗೆ ಕಟ್ಟಲೆಂದು ತಂದ ಹಗ್ಗವನ್ನು ಹಜಾರದ ಮೂಲೆಯಲ್ಲಿ ಇಟ್ಟರು. ನನಗೆ ಕಾಣುವ ಹಾಗೆ.

ಶನಿವಾರ ಬೆಳಗ್ಗೆ ನನ್ನ ಮೊದಲ ತಪ್ಪು. ಗಟ್ಟಿ ವಸ್ತುವನ್ನು ಕತ್ತರಿಸುವ ಉಪಕರಣ ನಮ್ಮ ಮನೆಯಲ್ಲಿ ಯಾವುದಿದೆ ಎಂದು ಯೋಚಿಸಿದರೆ ಯಾವ ಮನೆಯ ಹುಡುಗಿಗೂ ಹೊಳೆಯುವುದು ಒಂದೇ: ಅಜ್ಜಿಯ ಅಡಕತ್ತರಿ. ಅವ್ವ ತೀರಿಕೊಂಡ ಮೇಲೆ ಅಜ್ಜಿ, ಅವ್ವನ ತಾಯಿ, ಸಿರುಗುಪ್ಪದಿಂದ ಬಂದು ನಮ್ಮ ಜೊತೆಯೇ ಇದ್ದಳು. ಸೀರೆಯ ಟ್ರಂಕಿನ ಜೊತೆ ತಂದದ್ದು ಎಲೆ ಅಡಿಕೆಯ ಚೀಲ ಒಂದೇ. ಅದರಲ್ಲಿನ ಅಡಕತ್ತರಿ ಕಲ್ಲಿನಂಥ ಅಡಿಕೆಯನ್ನು ಬೆಣ್ಣೆಯಂತೆ ಹೋಳು ಮಾಡುತ್ತಿತ್ತು. ಪುಣ್ಯಕ್ಕೆ ನಾನು ಪ್ರಯೋಗ ಮಾಡಿದ್ದು ಹಳೆಯ ಕೇಬಲ್ಲಿನ ಮೇಲೆ. ಎರಡೂ ಕೈಯಿಂದ ಒತ್ತಿದೆ. ಟಕ್ ಎಂದಿತು. ತೆರೆದು ನೋಡಿದರೆ ಕೇಬಲ್ ಚಪ್ಪಟೆಯಾಗಿ ಹಾಗೇ ಇದೆ. ಅಡಕತ್ತರಿಯ ಅಲಗಿನಲ್ಲಿ ಅರ್ಧಚಂದ್ರ ಮೂಡಿದೆ. ಅಡಿಕೆ ಎಷ್ಟು ಗಟ್ಟಿಯಾದರೂ ಒಂದೇ ವಸ್ತು, ಒತ್ತಿದರೆ ಸೀಳುತ್ತದೆ. ಕೇಬಲ್ ಹಾಗಲ್ಲ. ಅದರೊಳಗಿನ ಹತ್ತಾರು ಎಳೆಗಳು ಒತ್ತಿದಲ್ಲಿಂದ ಪಕ್ಕಕ್ಕೆ ಸರಿಯುತ್ತವೆ.

ಅಜ್ಜಿ ಅಲಗನ್ನು ಬೆಳಕಿಗೆ ಹಿಡಿದು ನೋಡಿದಳು.

“ಮೂರು ಹೆರಿಗಿ, ಎರಡು ಬರಗಾಲ ಕಂಡೈತಿ ಇದು. ಒಂದು ಹಲ್ಲು ಬಿದ್ದಿರಲಿಲ್ಲ. ನಿನ್ನ ಕಾನ್ವೆಂಟು ಒಂದು ಗಳಿಗ್ಯಾಗ ಕಿತ್ತಿತಲ್ಲ.”

“ಸಾರಿ ಅಜ್ಜಿ.”

“ಸಾರು ಅಡಿಗಿ ಮನ್ಯಾಗ ಐತಿ. ಮೊದಲು ಆ ತಂತಿ ಕಡಿಯೂ ದಾರಿ ನೋಡು. ನಿನ್ನ ದೊಡ್ಡಪ್ಪನ ಮಾರಿ ನೋಡಾಕ ಆಗವಲ್ದು ನನಗ.”

ಊಟಕ್ಕೆ ಕೂತಾಗ ಅಪ್ಪ, ಯಾರನ್ನೂ ನೋಡದೆ, ಸ್ವಲ್ಪ ಜೋರಾಗಿಯೇ ಹೇಳಿದರು: “ನನ್ನ ಕರಿ ಟ್ರಂಕಿಗೆ ಯಾರೂ ಕೈ ಹಚ್ಚಬ್ಯಾಡ್ರಿ. ಬೀಗ ಕೆಟ್ಟೈತಿ.”

ದೊಡ್ಡಪ್ಪ ಮಜ್ಜಿಗೆ ಕಲಸುತ್ತಿದ್ದರು. ಅಜ್ಜಿ ನನ್ನತ್ತ ನೋಡಿದಳು. ಆ ಟ್ರಂಕಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಕಂಟೋನ್ಮೆಂಟಿನಲ್ಲಿ ಮಿಲಿಟರಿ ಸಾಮಾನು ಹರಾಜು ಹಾಕಿದಾಗ ಅಪ್ಪ ತಂದ ಒಂದು ಕಟಿಂಗ್ ಪ್ಲೈಯರ್, ಟೆಲಿಫೋನ್ ತಂತಿ ಕತ್ತರಿಸುವಂಥದ್ದು. ಎಣ್ಣೆ ಕಾಗದದಲ್ಲಿ ಸುತ್ತಿ ಇಟ್ಟವರು ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಅಣ್ಣನ ಎದುರು ನಗುವ ಅಪ್ಪನನ್ನು ನಾನು ಅವತ್ತು ಅರ್ಧ ಕ್ಷಮಿಸಿದೆ. ಇನ್ನರ್ಧಕ್ಕೆ ಬಹಳ ವರ್ಷ ಬೇಕಾಯಿತು.

ಪ್ಲೈಯರ್ ಕೈಗೆ ಬಂದಾಗ ಅದರ ತೂಕವೇ ಒಂದು ಧೈರ್ಯ. ಎರಡು ಅಲಗುಗಳು ಒಂದಕ್ಕೊಂದು ಎದುರುಬದುರಾಗಿ, ಹಲ್ಲಿಗೆ ಹಲ್ಲು ಕೂಡುವಂತೆ ಕೂಡುತ್ತಿದ್ದವು. ಮೊದಲು ಹೌಸಿಂಗ್. ಅದನ್ನು ಒತ್ತಿ ಕತ್ತರಿಸಿದರೆ ಉಸ್ತಾದ್ ಮಾಡಿದ ಹಾಗೆ ಬಾಯಿ ಚಪ್ಪಟೆಯಾಗುತ್ತದೆ ಎಂದು ಗೊತ್ತಿತ್ತು. ಅದಕ್ಕೆ ಕೊಳವೆಯೊಳಗೆ ಹಳೆಯ ಕೇಬಲ್ಲಿನ ತುಂಡೊಂದನ್ನು ತುಂಬಿದೆ, ಸೀರೆ ಪಿನ್ನಿನಿಂದ ಮೇಲಿನ ಬಟ್ಟೆ ಬಿಡಿಸಿದೆ, ಸುರುಳಿಯ ಎರಡು ಸುತ್ತುಗಳ ನಡುವೆ ಅಲಗಿನ ಮೂಲೆ ತೂರಿಸಿ ಒಂದೇ ಒಂದು ಸುತ್ತನ್ನು ಕತ್ತರಿಸಿದೆ. ಚಟ್. ಬಾಯಿಯನ್ನು ಬಾವಿಯ ಕಲ್ಲಿಗೆ ಉಜ್ಜಿ ಸಮ ಮಾಡಿದೆ. ಒಳಕ್ಕೆ ಬಾಗಿದ ಮೊನೆಯನ್ನು ಅಪ್ಪನ ದಬ್ಬಳದಿಂದ, ಹತ್ತಿ ಮೂಟೆ ಹೊಲಿಯುವ ಆ ದಪ್ಪ ಸೂಜಿಯಿಂದ, ತಿರುವಿ ತಿರುವಿ ಹೊರಕ್ಕೆ ಬಿಡಿಸಿದೆ. ಬ್ಯೂಟಿಫುಲ್ ಆಗಿತ್ತು. ಕೇಬಲ್ ಒಳಗೆ ರೇಷ್ಮೆಯಂತೆ ಜಾರಿತು.

ಜೋಡಿಸಿ, ಸ್ಕ್ರೂ ಬಿಗಿದು, ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲ್ ತಿರುಗಿಸಿದೆ. ಗಾಲಿ ಗಿರ್ರನೆ ಸುತ್ತಿತು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೆ. ಗಾಲಿ ತಾನಾಗಿ ನಿಂತಿತು.

ಕಟ್ಟೆಯ ಮೇಲಿಂದ ದೊಡ್ಡಪ್ಪ ಅದನ್ನೇ ನೋಡುತ್ತಿದ್ದರು. “ಭೇಷ್! ಎಡಕ್ಕ ಹೊಳ್ಳಂಗಿಲ್ಲ ಅಂತೈತಿ. ಬಲಕ್ಕ ಹೊಳ್ಳಕೋತ ಹೋಗು, ಸಾಲಿಗಿಂತ ಮೊದಲು ಕುರುಗೋಡು ಬರ್ತೈತಿ.”

ಹೌಸಿಂಗ್ ಗಿಡ್ಡವಾಗಿತ್ತು. ಹ್ಯಾಂಡಲ್ ನೆಟ್ಟಗಿದ್ದಾಗ ಅಳೆದು ಕತ್ತರಿಸಿದ್ದೆ. ತಿರುಗಿಸಿದಾಗ ಅದು ಸಾಲದೆ ಎಳೆದು, ಯಾರೂ ಹಿಡಿಯದೆಯೇ ಬ್ರೇಕ್ ಹಿಡಿಯುತ್ತಿತ್ತು. ಸುರುಳಿಯಲ್ಲಿ ಉಳಿದದ್ದು ಇನ್ನೊಂದೇ ತುಂಡಿಗೆ ಸಾಕಾಗುವಷ್ಟು. ಅದೂ ತಪ್ಪಿದರೆ ಮದ್ರಾಸಿನಿಂದ ಮತ್ತೆ ಬರುವಷ್ಟರಲ್ಲಿ ನನ್ನ ಕೆಲಸ ಬೇರೆಯವರದಾಗುತ್ತಿತ್ತು.

ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ. ಬೇಗ ಮುಗಿಸಿದೆ, ಯಾಕೆಂದರೆ ಅಳುವಾಗಲೇ ಮದರ್ ನೆನಪಾದರು. ಬ್ಲೌಸಿನ ತೋಳಿಗೆ ಅಳತೆ ತೆಗೆಯುವಾಗ ನಾವು ಕೈ ನೆಟ್ಟಗೆ ಚಾಚಿ ನಿಂತರೆ ಅವರು ಸ್ಕೇಲಿನಿಂದ ಮೊಣಕೈಗೆ ಮೆಲ್ಲನೆ ತಟ್ಟುತ್ತಿದ್ದರು. “ಬೆಂಡ್ ಇಟ್, ಚೈಲ್ಡ್. ನೀನು ಶಿಲುಬೆಯ ಹಾಗೆ ನಿಂತುಕೊಂಡು ಬದುಕುವುದಿಲ್ಲ. ತೋಳನ್ನು ಮಡಚಿ ಅಳೆ, ಆಗ ಬಟ್ಟೆ ಹರಿಯುವುದಿಲ್ಲ.” ಕಣ್ಣೊರೆಸಿಕೊಂಡು ಎದ್ದೆ. ಹ್ಯಾಂಡಲನ್ನು ಎಷ್ಟು ದೂರ ತಿರುಗುತ್ತದೋ ಅಷ್ಟೂ ತಿರುಗಿಸಿ, ಟೇಪ್ ಹಿಡಿದು, ತೋಳಿನ ಅಳತೆ ತೆಗೆದ ಹಾಗೆಯೇ ತೆಗೆದೆ. ಮೂರು ಸಲ. ಕತ್ತರಿಸಿದೆ. ಈ ಸಲ ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಗಾಲಿ ತನ್ನ ಪಾಡಿಗೆ ತಾನು ಸುತ್ತಿತು. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನರಾದರು.

ಇನ್ನು ಕೇಬಲ್. ಗಂಡಸರ ಸೈಕಲ್ಲಿನದು, ಎರಡು ಗೇಣು ಹೆಚ್ಚಾಗಿ ಜೋತಾಡುತ್ತಿತ್ತು. ಹಾಗೇ ಬಿಟ್ಟರೆ ಗಾಲಿಯ ಕಡ್ಡಿಗಳಿಗೆ ಸಿಕ್ಕಿ ನನ್ನನ್ನೇ ಸುತ್ತಿಹಾಕುತ್ತದೆ. ಪ್ಲೈಯರನ್ನು ಹಳೆಯ ಕೇಬಲ್ಲಿನ ಮೇಲೆ ಪ್ರಯೋಗ ಮಾಡಿ ನೋಡಿದೆ. ಒಂದೇ ಒತ್ತಿಗೆ ಕತ್ತರಿಸಿತು; ಆದರೆ ಕತ್ತರಿಸಿದ ಮರುಕ್ಷಣ ಎಳೆಗಳು ಬಿಚ್ಚಿಕೊಂಡು ಮತ್ತದೇ ಪೊರಕೆ. ದಾರ ಸುತ್ತಿದೆ, ಜಾರಿತು. ಮೇಣ ಹಚ್ಚಿದೆ, ಉದುರಿತು. ಎಳೆಗಳನ್ನು ಒಂದಾಗಿ ಹಿಡಿದಿಡುವಂಥದ್ದು ಏನಾದರೂ ಕತ್ತರಿಸುವ ಮೊದಲೇ ಇರಬೇಕು, ಆಮೇಲಲ್ಲ. ಕತ್ತರಿಸಬೇಕಾದ ಜಾಗಕ್ಕೆ ಕೆಂಪು ದಾರ ಕಟ್ಟಿ ಗುರುತು ಮಾಡಿ, ಕೇಬಲ್ಲನ್ನು ಹೊರಗೆಳೆದು, ಭಾನುವಾರದ ಮೇಲೆ ಭಾರ ಹಾಕಿದೆ.

ಭಾನುವಾರ ಬೆಳಗ್ಗೆ ಓಣಿಯ ತುದಿಯಲ್ಲಿ ಕೂಗು: “ಕಲಾಯೀ… ಪಾತ್ರಿಗೆ ಕಲಾಯೀ…”

ನಮ್ಮ ಓಣಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಕಲಾಯಿ ಸಾಬರು, ಬೇವಿನ ಮರದ ಕೆಳಗೆ ತಿದಿ ಹೂಡಿ ಕೂರುತ್ತಿದ್ದರು. ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರದ ಬೆಳ್ಳನೆ ಲೇಪ ಹಾಕುವವರು. ಅವರ ಸುತ್ತ ಓಣಿಯ ಹೆಂಗಸರೆಲ್ಲ ಕೊಡ, ತಪ್ಪಲೆ ಹಿಡಿದು ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಸೈಕಲ್ ಶಾಪಿನ ಮುಂದೆ ನಿಂತರೆ ಮಾನ ಹೋಗುತ್ತದೆ, ಕಲಾಯಿಯ ಬೆಂಕಿಯ ಮುಂದೆ ನಿಂತರೆ ಹೋಗುವುದಿಲ್ಲ! ಈ ಲಾಜಿಕ್ ನಾನು ಮಾಡಿದ್ದಲ್ಲ. ಆದರೆ ಅದರಲ್ಲಿದ್ದ ಸಂದಿಯಲ್ಲಿ ತೂರಿದವಳು ನಾನೇ. ಕೇಬಲ್ಲಿನ ಗುರುತಿನ ಜಾಗವನ್ನು ಹುಣಸೆ, ಬೂದಿ ಹಾಕಿ ಜಿಡ್ಡು ಹೋಗುವಂತೆ ತಿಕ್ಕಿ, ಸುತ್ತಿ, ಒಂದು ತಪ್ಪಲೆಯೊಳಗಿಟ್ಟುಕೊಂಡು ಸಾಲಿನಲ್ಲಿ ನಿಂತೆ. ದೊಡ್ಡಪ್ಪನ ಮುಂದೆಯೇ.

ಸಾಬರು ತಪ್ಪಲೆ ತೆರೆದು ನೋಡಿದರು. “ಯೇ ಕ್ಯಾ ಬೇಟಿ? ಶಾವಿಗಿ ಮಾಡೀಯೇನು?”

“ಬ್ರೇಕಿನ ತಂತಿ ಚಾಚಾ. ಈ ದಾರ ಕಟ್ಟೀನಲ್ಲ, ಇಲ್ಲಿ ಒಂದು ಬೊಟ್ಟಿನಷ್ಟು ಕಲಾಯಿ ಹಾಕ್ರಿ. ಎಳಿ ಎಲ್ಲಾ ಒಂದಕ್ಕೊಂದು ಅಂಟಬೇಕು.”

ಪಕ್ಕದ ಮನೆಯ ತೆಲುಗಿನ ಅಮ್ಮ ಬಾಯಿಗೆ ಸೆರಗು ಹಿಡಿದರು. “ಅಯ್ಯೋ ರಾಮಾ! ಸೈಕಲ್ಲಿಗೂ ಕಲಾಯಿ ಏನಮ್ಮಾ? ಹುಳಿಸಾರು ಕಾಸ್ತೀಯಾ ಅದ್ರಾಗ?”

“ಕಾಸಿದ್ರ ನಿಮಗೂ ಒಂದು ಬಟ್ಟಲು ಕೊಡ್ತೀನ್ರಿ,” ಎಂದೆ.

ನಾನು ತಂತಿಯನ್ನು ಕೆಂಡದ ಕಡೆ ಚಾಚಿದಾಗ ಸಾಬರು ನನ್ನ ಕೈ ತಡೆದರು. “ಬೆಂಕ್ಯಾಗ ಹಿಡೀಬ್ಯಾಡ. ಕೆಂಪಾದ್ರ ಉಕ್ಕು ಸತ್ತು ಹೋಗ್ತೈತಿ, ಆಮ್ಯಾಲ ದಾರ ಇದ್ದಂಗ.” ಒಂದು ಸೌಟಿನಲ್ಲಿ ತವರ ಕರಗಿಸಿದರು. ತವರ ಅಂಟಲೆಂದು ನವಸಾಗರದ ಪುಡಿ ಚಿಮುಕಿಸಿದಾಗ ಬಿಳಿ ಹೊಗೆ ಎದ್ದು ಮೂಗಿಗೆ ಹೊಡೆಯಿತು. ಗುರುತಿನ ಜಾಗವನ್ನು ಮಾತ್ರ ಬಗ್ಗಿಸಿ ಕರಗಿದ ತವರದಲ್ಲಿ ಅದ್ದಿ, ಎತ್ತಿ, ಹತ್ತಿಯಿಂದ ಒಂದು ಸಲ ಒರೆಸಿದರು. ತಂತಿಯ ಹೆಣಿಗೆಯೇ ಕಾಣದಂತೆ ನುಣ್ಣಗೆ, ಬೆಳ್ಳಿಯ ಕಡ್ಡಿಯ ಹಾಗೆ ಹೊಳೆಯಿತು. ಆರಿದ ಮೇಲೆ ಆ ಬಿಳುಪಿನ ನಟ್ಟನಡುವೆ ಪ್ಲೈಯರ್ ಇಟ್ಟೆ. ಬೇವಿನ ಮರದ ಕೆಳಗೆ ಎಲ್ಲರೂ ಕತ್ತು ಚಾಚಿದರು. ಒತ್ತಿದೆ.

ಒಂದು ಎಳೆಯೂ ಬಿಚ್ಚಲಿಲ್ಲ. ಪೆನ್ಸಿಲ್ ಮುರಿದಂಥ ತುದಿ.

ಸಾಬರು ತುಂಡನ್ನು ಎತ್ತಿ ಕಣ್ಣ ಹತ್ತಿರ ಹಿಡಿದು, “ಮಾಶಾ ಅಲ್ಲಾ,” ಎಂದರು. ಆ ಮೆಚ್ಚುಗೆ ನನಗೋ ತವರಕ್ಕೋ ಗೊತ್ತಿಲ್ಲ. ನಾನು ನನಗೇ ಎಂದು ತೆಗೆದುಕೊಂಡೆ. ಇವತ್ತಿಗೂ ಹಾಗೆಯೇ ತೆಗೆದುಕೊಂಡಿದ್ದೇನೆ.

ಸೋಮವಾರ. ಕೇಬಲ್ಲನ್ನು ಹಿಂದಿನ ಸಂಜೆಯೇ ಹೌಸಿಂಗಿಗೆ ತೂರಿಸಿ ಬಿಗಿದಿದ್ದೆ. ಸೀರೆಯ ನೆರಿಗೆಗೆ ಎರಡು ಪಿನ್ನು, ಕ್ಯಾರಿಯರಿನಲ್ಲಿ ಟಿಫಿನ್ ಡಬ್ಬಿ ಮತ್ತು ಡಸ್ಟರು. ಸೈಕಲ್ಲನ್ನು ಕೋಟೆ ಗುಡ್ಡದ ಇಳಿಜಾರಿನ ಮೇಲಕ್ಕೆ ತಳ್ಳಿಕೊಂಡು ಹೋದೆ. ಅಲ್ಲಿಂದ ನೋಡಿದರೆ ನಮ್ಮ ಕಟ್ಟೆಯ ಮೇಲೆ ದೊಡ್ಡಪ್ಪ, ಪಕ್ಕದಲ್ಲಿ ಅಪ್ಪ, ಬಾಗಿಲಲ್ಲಿ ಅಜ್ಜಿ, ಓಣಿಯ ಎರಡೂ ಬದಿಗೆ ಅರ್ಧ ಊರು. ಬೆನ್ನ ಹಿಂದೆ ಬಂಡೆ ಆಗಲೇ ಬಿಸಿಲಿಗೆ ಕಾಯತೊಡಗಿತ್ತು. ಸೈಕಲ್ ಹತ್ತಿದೆ.

ಅರ್ಧ ಇಳುವಿನಲ್ಲಿ, ಎಡಕ್ಕೆ ಹೊಳ್ಳುವ ಮೂಲೆಯಲ್ಲಿ, ಧೋಬಿಯ ಎರಡು ಕತ್ತೆಗಳು ಅಡ್ಡ ನಿಂತಿದ್ದವು. ಹ್ಯಾಂಡಲ್ ತಿರುಗಿಸಿದೆ. ಗಾಲಿ ಹಗುರಾಗಿ ಓಡಿತು. ಬ್ರೇಕ್ ಹಿಡಿದೆ. ಮೆತ್ತಗೆ, ನನ್ನ ಬೆರಳಿನ ಮಾತು ಕೇಳಿದಂತೆ, ಸೈಕಲ್ ಕತ್ತೆಯ ಮೂತಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಕತ್ತೆ ನನ್ನನ್ನು ನೋಡಿತು. ನಾನು ಕತ್ತೆಯನ್ನು ನೋಡಿದೆ. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮೂಲೆಯ ಮನೆ ಅಡ್ಡವಾಗಿದ್ದರಿಂದ ಕಟ್ಟೆಯ ಮೇಲಿದ್ದವರಿಗೆ ಅದು ಕಾಣಲಿಲ್ಲ.

ಮತ್ತೆ ಸೈಕಲ್ ಹತ್ತಿ ಇಳಿದೆ. ಮನೆ ಹತ್ತಿರ ಬಂತು. ದೊಡ್ಡಪ್ಪ ಒಂದು ಕೈ ಎತ್ತಿ, ಗಾಡಿ ಎತ್ತನ್ನು ನಿಲ್ಲಿಸುವಂತೆ, “ಹೋ… ಹೋ…” ಎಂದರು. ಆ “ಹೋ” ಕೇಳಿದ್ದಕ್ಕೇ ನಾನು ನಿಲ್ಲಿಸಲಿಲ್ಲ. ಕಟ್ಟೆಯನ್ನು ದಾಟಿದೆ.

“ಬ್ರೇಕ್ ಹಿಡಿ ಲೇ! ಬ್ರೇಕ್ ಹಿಡಿ!” ಅಪ್ಪ ಧೋತರದ ಚುಂಗು ಕೈಯಲ್ಲಿ ಹಿಡಿದು ಹಿಂದೆ ಓಡಿ ಬರುತ್ತಿದ್ದರು.

ಓಣಿಯ ಕೊನೆಯ ನಲ್ಲಿಯ ಹತ್ತಿರ ಹಿಡಿದೆ. ಒಂದು ಕಾಲು ನೆಲಕ್ಕೂರಿ, ಹಿಂತಿರುಗಿ, ಎಲ್ಲರೂ ನೋಡಿದರೆಂದು ಖಾತ್ರಿಯಾಗುವವರೆಗೆ ನಿಂತೆ. ಆಮೇಲೆ ಶಾಲೆಗೆ ಹೋದೆ. ಮೊದಲ ದಿನವೇ ಲೇಟ್ ಆಗುವುದು ಪ್ರಾಪರ್ ಅಲ್ಲ.

ಸಂಜೆ ಬಂದಾಗ ದೊಡ್ಡಪ್ಪ ಅದೇ ಕಟ್ಟೆಯ ಮೇಲಿದ್ದರು. “ಕಟ್ಟಿ ಮುಂದ ನಿಲ್ಲಿಸು ಅಂದಿದ್ದೆ. ನೀ ದಾಟಿ ಹೋದಿ. ಸೋತಿ.”

“ಸೋತಿದ್ರ ಒಯ್ರಿ ದೊಡ್ಡಪ್ಪ. ಹಗ್ಗ ಅಲ್ಲೇ ಐತಿ. ನಾಳಿಯಿಂದ ಸಾಲಿಗೆ ನಡಕೊಂಡು ಹೋಗ್ತೀನಿ. ಬಜಾರದ ನಡುವ, ಒಬ್ಬಾಕೀನ. ಸೈಕಲ್ ಅಂಗಡಿ ಮುಂದನೂ ಹಾದು ಹೋಗ್ತೀನಿ, ಎರಡು ಹೊತ್ತು.”

ಅಪ್ಪ ಈ ಸಲ ನಗಲಿಲ್ಲ. “ಅಣ್ಣಾ, ಅಕಿ ಹೋಗೇ ಹೋಗ್ತಾಳ,” ಎಂದರು. ಅಣ್ಣನಿಗೆ ಎದುರಾಗಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಜ್ಜಿ ಹೊರಗೆ ಬಂದು ಎಲೆಯ ತಟ್ಟೆಯನ್ನು ದೊಡ್ಡಪ್ಪನ ಮುಂದಿಟ್ಟಳು. “ಅಡಿಕಿ ತಗೋರಿ ಬೀಗರ. ಹೋಳು ತುಸು ದಪ್ಪ ಅದಾವು. ನಮ್ಮ ಕತ್ತರಿಗೆ ಒಂದು ಹಲ್ಲು ಕಡಿಮಿ.”

ಮರುದಿನ ಬೆಳಗ್ಗೆ ನಾನು ಶಾಲೆಗೆ ಹೊರಡುವಷ್ಟರಲ್ಲಿ ಗಾಡಿ ಕುರುಗೋಡಿನ ರಸ್ತೆ ಹಿಡಿದಿತ್ತು. ಖಾಲಿ. ಹಗ್ಗ ಮಾತ್ರ ಹಜಾರದ ಮೂಲೆಯಲ್ಲೇ ಉಳಿದಿತ್ತು. ಮರೆತರೋ, ಬೇಕೆಂದೇ ಬಿಟ್ಟರೋ ಗೊತ್ತಿಲ್ಲ. ಒಳ್ಳೆಯ ಹೊಸ ಪುಂಡಿ ನಾರಿನ ಹಗ್ಗ. ಪ್ಲೈಯರಿನಿಂದ ಎರಡು ತುಂಡು ಮಾಡಿ ಕ್ಯಾರಿಯರಿಗೆ ಕಟ್ಟಿಕೊಂಡು ಹೋದೆ. ನನ್ನ ಕ್ಲಾಸಿನ ಹುಡುಗಿಯರು ಆ ವರ್ಷವೆಲ್ಲ ಅದರಲ್ಲಿ ಸ್ಕಿಪ್ಪಿಂಗ್ ಆಡಿದರು.